ಮೇವಿಗೆ ಗುತ್ತಿಗೆ ಹೊಲ: ನಾಲ್ಕು ತಾಲ್ಲೂಕುಗಳ ಲೆಕ್ಕ

ಕೊಟ್ಟಿಗೆಯಲ್ಲಿ ನಾಲ್ಕಿದ್ದ ಹಸು ಹತ್ತಾದವು ಎಂದರೆ ಮನೆಯಲ್ಲಿ ಮೊದಲು ಏಳುವುದು ಮೇವಿನ ಮಾತು, ಅದರ ಬೆನ್ನಿಗೇ ಹೊಲದ ಮಾತು. ಪಕ್ಕದವರ ಎರಡೆಕರೆ ಗುತ್ತಿಗೆಗೆ ಸಿಗುತ್ತದಂತೆ, ಹಿಡಿಯೋಣವೇ? ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಾಲು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಸೇರಿ ಇರುವ ಒಂದೇ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಲೀಟರಿಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವೂ ಎಲ್ಲ ಕಡೆ ಒಂದೇ. ಹಾಲಿನ ದರ ಒಂದೇ ಆದರೂ ಆ ಹಾಲಿನ ಹಿಂದಿರುವ ಮೇವಿನ ಖರ್ಚು ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಥರ. ಹಾಲು ಉತ್ಪಾದನೆಯ ಖರ್ಚಿನಲ್ಲಿ ನೂರಕ್ಕೆ ಅರವತ್ತು, ಎಪ್ಪತ್ತು ಪಾಲು ಮೇವು ಮತ್ತು ಹಿಂಡಿಯದೇ ಆಗಿರುವಾಗ ಗುತ್ತಿಗೆಯ ತೀರ್ಮಾನ ತಪ್ಪಿದರೆ ಹಾಲಿನ ದುಡ್ಡು ಹೊಲದ ಮಾಲೀಕನ ಕೈ ಸೇರುತ್ತದೆ. ಈ ನಾಲ್ಕು ತಾಲ್ಲೂಕುಗಳ ನೆಲ, ನೀರು, ಕಾನೂನು, ಕೂಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ನೀರು ಖಾತ್ರಿಯಿದ್ದು, ಕೊಟ್ಟಿಗೆಗೆ ಹತ್ತಿರವಿದ್ದು, ಮೂರು ವರ್ಷವಾದರೂ ಕೈಬಿಡದ ಒಂದೆರಡು ಎಕರೆ ಸಿಕ್ಕರೆ ಮಾತ್ರ ಹೊಲ ಹಿಡಿಯಬೇಕು. ಉಳಿದ ಸಂದರ್ಭಗಳಲ್ಲೆಲ್ಲ ಹೊಲವನ್ನು ಅದರ ಒಡೆಯನಿಗೇ ಬಿಟ್ಟು ಆತ ಬೆಳೆದ ಮೇವನ್ನು ಕೊಳ್ಳುವುದೇ ಜಾಣತನ.

ಲೆಕ್ಕದಿಂದ ಶುರು ಮಾಡೋಣ. ಸುಮಾರು 400 ಕಿಲೋ ತೂಗುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ ಒಣತೂಕದಲ್ಲಿ 10ರಿಂದ 12 ಕಿಲೋ ಆಹಾರ ಬೇಕು. ರೂಢಿಯಲ್ಲಿ ಇದು 25 ಕಿಲೋ ಹಸಿಮೇವು, ನಾಲ್ಕೈದು ಕಿಲೋ ಒಣಮೇವು, ಹಾಲಿನ ಅಳತೆಗೆ ತಕ್ಕಷ್ಟು ಹಿಂಡಿ ಎಂದಾಗುತ್ತದೆ. ಹತ್ತು ಹಸುಗಳಿಗೆ ದಿನಕ್ಕೆ 250 ಕಿಲೋ ಹಸಿಮೇವು, ವರ್ಷಕ್ಕೆ 91 ಟನ್. ಒಣಮೇವು ದಿನಕ್ಕೆ 40 ಕಿಲೋ ಹಿಡಿದರೂ ವರ್ಷಕ್ಕೆ ಹದಿನೈದು ಟನ್‌ನಷ್ಟು. ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ನೋಡದೆ ಹೊಲ ಹಿಡಿಯುವವರೇ ಹೆಚ್ಚು. ಕೋ-4ರಂಥ ನೇಪಿಯರ್ ಹುಲ್ಲಿಗೆ ಎಕರೆಗೆ ವರ್ಷಕ್ಕೆ 150 ಟನ್ ಇಳುವರಿ ಎಂದು ಪ್ರಚಾರದ ಹಾಳೆಗಳಲ್ಲಿ ಬರೆದಿರುತ್ತದೆ. ಪೂರ್ತಿ ನೀರು, ಪೂರ್ತಿ ಗೊಬ್ಬರ, ತಪ್ಪದ ಕಟಾವು ಇದ್ದಾಗಿನ ಮಾತು ಅದು. ಅದರ ಅರ್ಧಕ್ಕಿಂತಲೂ ಕಡಿಮೆ, 60 ಟನ್ ಎಂದೇ ಹಿಡಿಯೋಣ. ಆಗಲೂ ಹತ್ತು ಹಸುಗಳ ಹಸಿಮೇವಿಗೆ ನೀರಾವರಿಯ ಒಂದೂವರೆ ಎಕರೆ ಸಾಕು. ಒಣಮೇವಿನ ಕಥೆ ಇದಕ್ಕೆ ತಿರುವುಮುರುವು. ಒಂದೆಕರೆ ಬತ್ತದ ಗದ್ದೆಯಲ್ಲಿ ಒಂದು ಬೆಳೆಗೆ ಸಿಗುವ ಹುಲ್ಲು ಹೆಚ್ಚುಕಡಿಮೆ ಎರಡು ಟನ್. ಹದಿನೈದು ಟನ್ ಹುಲ್ಲಿಗೆ ಏಳೆಂಟು ಎಕರೆ ಗದ್ದೆ ಬೇಕು. ಹುಲ್ಲಿಗೋಸ್ಕರ ಯಾರೂ ಅಷ್ಟು ಗದ್ದೆ ಗುತ್ತಿಗೆ ಹಿಡಿಯುವುದಿಲ್ಲ, ಹಿಡಿಯಲೂ ಬಾರದು. ಅದು ಬತ್ತ ಬೆಳೆಯುವವನ ಕಣದಿಂದ ಕೊಂಡು ತರುವ ಪದಾರ್ಥ. ಹೀಗೆ ಗುತ್ತಿಗೆಯ ಪ್ರಶ್ನೆ ಮೊದಲ ಹೆಜ್ಜೆಯಲ್ಲೇ ಕಿರಿದಾಗುತ್ತದೆ, ಅದು ಉಳಿಯುವುದು ಹಸಿಮೇವಿನ ಮಟ್ಟಿಗೆ ಮಾತ್ರ.

ಹಸಿಮೇವು ಎಂದರೆ ನೀರು. ಗುತ್ತಿಗೆಯ ದರವನ್ನು ಎಕರೆಯ ಮೇಲೆ ಕೇಳುವುದು ನಮ್ಮ ರೂಢಿ, ಆದರೆ ಹಸುವಿನ ಬಾಯಿಗೆ ಬೀಳುವುದು ಕಿಲೋ ಲೆಕ್ಕದ ಮೇವು. ನೀರಿರುವ ಎಕರೆಗೆ ವರ್ಷಕ್ಕೆ 30,000 ರೂಪಾಯಿ ಗುತ್ತಿಗೆ ಎಂದುಕೊಳ್ಳಿ. 60 ಟನ್ ಹುಲ್ಲು ಬಂದರೆ ಕಿಲೋಗೆ ನೆಲದ ಬಾಡಿಗೆ 50 ಪೈಸೆ. ಖುಷ್ಕಿ ಎಕರೆ 8,000ಕ್ಕೇ ಸಿಕ್ಕಿತು ಎಂದುಕೊಳ್ಳಿ. ಮಳೆ ಕೈಹಿಡಿದ ವರ್ಷ ಒಂದು ಕೊಯ್ಲಿನ ಮೇವಿನ ಜೋಳ 10 ಟನ್ ಕೊಟ್ಟರೂ ಕಿಲೋಗೆ 80 ಪೈಸೆ ಆಯಿತು, ಮಳೆ ಕೈಕೊಟ್ಟು ಅರ್ಧವೇ ಬಂದರೆ 1 ರೂಪಾಯಿ 60 ಪೈಸೆ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ಊರೂರಿಗೆ ದರ ಬೇರೆ. ಆದರೆ ಅಗ್ಗದ ಹೊಲ ತುಟ್ಟಿ ಮೇವು ಕೊಡುತ್ತದೆ ಎಂಬ ಮಾತು ಎಲ್ಲ ಊರಿಗೂ ಸಲ್ಲುತ್ತದೆ. ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಸರ್ಕಾರಿ ನೆಲದ ಮೇವಿನ ಹಕ್ಕನ್ನು ಎಕರೆಯಿಂದ ಅಳೆಯುವುದೇ ಇಲ್ಲ. ಒಂದು ಹಸು ತನ್ನ ಕರುವಿನೊಂದಿಗೆ ಒಂದು ತಿಂಗಳು ತಿನ್ನುವಷ್ಟು ಮೇವೇ ಅಲ್ಲಿ ಅಳತೆಯ ಮಾನ. ಬರಡು ನೆಲವಾದರೆ ಒಂದು ಮಾನಕ್ಕೆ ಹತ್ತಾರು ಎಕರೆ ಸೇರುತ್ತದೆ, ಹುಲುಸಾದ ನೆಲವಾದರೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಗುತ್ತಿಗೆಯ ಮಾತುಕತೆಗೆ ಕೂರುವ ಮುಂಚೆ ನಮ್ಮ ರೈತರೂ ಈ ಮಾನದಲ್ಲಿ ಯೋಚಿಸಿದರೆ ಅರ್ಧ ತಪ್ಪು ಅಲ್ಲಿಗೇ ತಪ್ಪುತ್ತದೆ.

ಎರಡನೆಯ ತೊಡಕು ಕಾನೂನಿನದು, ಮತ್ತು ಇದನ್ನು ಮುಚ್ಚಿಟ್ಟು ಗುತ್ತಿಗೆಯ ಬಗ್ಗೆ ಬರೆಯುವುದು ಓದುಗರಿಗೆ ಮಾಡುವ ಮೋಸ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತ ಗೇಣಿದಾರರು ಒಡೆಯರಾದದ್ದು ಅದರಿಂದಲೇ. ಅದೇ ತಿದ್ದುಪಡಿ ಹೊಸದಾಗಿ ಗೇಣಿಗೆ ಕೊಡುವುದನ್ನೂ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. 2020ರ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು ಯಾರು ಬೇಕಾದರೂ ಕೃಷಿಭೂಮಿ ಕೊಳ್ಳುವ ದಾರಿ ಮಾಡಿತೇ ಹೊರತು ಬಡ ಹಾಲುಗಾರನೊಬ್ಬ ಎರಡೆಕರೆಯನ್ನು ಕಾಗದಪತ್ರದ ಮೇಲೆ ಗುತ್ತಿಗೆ ಹಿಡಿಯುವ ದಾರಿ ಮಾಡಲಿಲ್ಲ. ನೀತಿ ಆಯೋಗ 2016ರಲ್ಲಿ ಮಾದರಿ ಗುತ್ತಿಗೆ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತ್ತು, ಆ ದಾರಿಯಲ್ಲೂ ನಾವು ಹೋಗಿಲ್ಲ. ಹಾಗಾಗಿ ಹಳ್ಳಿಯಲ್ಲಿ ನಡೆಯುವ ಕೋರು, ಪಾಲು, ಗುತ್ತಿಗೆ ಎಲ್ಲವೂ ಬಾಯಿಮಾತಿನ ಮೇಲೆ ನಿಂತಿವೆ. ಪಹಣಿಯಲ್ಲಿ ಹೆಸರು ಬಿದ್ದೀತೆಂಬ ಹೆದರಿಕೆಯಿಂದ ಮಾಲೀಕ ವರ್ಷ ವರ್ಷಕ್ಕೆ ಗುತ್ತಿಗೆದಾರನನ್ನು ಬದಲಿಸುತ್ತಾನೆ. ಪಹಣಿ ತನ್ನ ಹೆಸರಿನಲ್ಲಿ ಇಲ್ಲದ್ದರಿಂದ ಗುತ್ತಿಗೆದಾರನಿಗೆ ಬೆಳೆಸಾಲವೂ ಇಲ್ಲ, ಬೆಳೆ ಹಾನಿಯ ಪರಿಹಾರವೂ ಇಲ್ಲ. ಇಂಥ ನೆಲದಲ್ಲಿ ನೇಪಿಯರ್ ನೆಡುವುದನ್ನು ಯೋಚಿಸಿ. ಒಮ್ಮೆ ನೆಟ್ಟರೆ ಮೂರು ನಾಲ್ಕು ವರ್ಷ ಕೊಯ್ಯುವ ಹುಲ್ಲು ಅದು. ಮೊದಲ ಕೊಯ್ಲಿಗೇ ಎರಡೂವರೆ ತಿಂಗಳು ಬೇಕು. ಬೀಜದ ಕಡ್ಡಿ, ನೆಡುವ ಕೂಲಿ, ಹನಿ ಪೈಪು ಎಲ್ಲ ಮೊದಲ ವರ್ಷದ ಖರ್ಚು, ಫಲ ಬರುವುದು ಮುಂದಿನ ವರ್ಷಗಳಲ್ಲಿ. ಹನ್ನೊಂದು ತಿಂಗಳಿಗೆ ಹೊಲ ಬಿಡಿಸಿಕೊಂಡರೆ ಹಾಕಿದ ದುಡ್ಡು ಮಣ್ಣಲ್ಲೇ ಉಳಿಯುತ್ತದೆ. ದೀರ್ಘಕಾಲದ ಹುಲ್ಲಿಗೆ ಅಲ್ಪಕಾಲದ ಗುತ್ತಿಗೆ ಹೊಂದುವುದಿಲ್ಲ. ಅಣ್ಣತಮ್ಮಂದಿರ, ದಾಯಾದಿಗಳ, ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದ ಹತ್ತಿರದ ಸಂಬಂಧಿಕರ ಹೊಲವಾದರೆ ಈ ಭಯ ಅಷ್ಟಿಷ್ಟು ಕಡಿಮೆ. ನಂಬಿಕೆಯ ನೆಲ ಸಿಗದವರು ನೇಪಿಯರನ್ನು ತಮ್ಮ ಸ್ವಂತ ತುಂಡಿನಲ್ಲಿ ಹಾಕಿ, ಬೇಕಾದರೆ ಒಂದು ಬೆಳೆಯ ಮೆಕ್ಕೆಜೋಳವನ್ನೋ ಅಲಸಂದೆಯನ್ನೋ ಹೊರಗಿನ ನೆಲದಲ್ಲಿ ಬೆಳೆದುಕೊಳ್ಳುವುದು ಲೇಸು.

ಈಗ ತಾಲ್ಲೂಕುಗಳಿಗೆ ಬರೋಣ. ಚನ್ನಗಿರಿಯಲ್ಲಿ ಸೂಳೆಕೆರೆಯ ಕೆಳಗೂ ಭದ್ರಾ ಅಚ್ಚುಕಟ್ಟಿನಲ್ಲೂ ನೀರಿದೆ, ಆದರೆ ಆ ನೀರಿನ ನೆಲವನ್ನು ಅಡಿಕೆ ಆಕ್ರಮಿಸುತ್ತ ಬಂದಿದೆ. ಗದ್ದೆ ತೋಟವಾದಾಗ ಎರಡು ನಷ್ಟ ಒಟ್ಟಿಗೆ ಬರುತ್ತವೆ. ಬತ್ತದ ಹುಲ್ಲು ಕಡಿಮೆಯಾಗುತ್ತದೆ, ಗುತ್ತಿಗೆಗೆ ಬಿಡುವ ನೆಲವೂ ಕಡಿಮೆಯಾಗುತ್ತದೆ. ಹೊಸ ತೋಟದ ಸಾಲುಗಳ ನಡುವೆ ಮೊದಲ ಕೆಲವು ವರ್ಷ ಬಿಸಿಲು ಬೀಳುತ್ತದೆ. ಆ ಜಾಗದಲ್ಲಿ ಅಲಸಂದೆಯನ್ನೋ, ನೆರಳು ತಡೆಯುವ ಗಿನಿ ಹುಲ್ಲನ್ನೋ ಬೆಳೆದುಕೊಳ್ಳುವ ಒಪ್ಪಂದ ಇಲ್ಲಿ ಸಾಧ್ಯ. ಅಡಿಕೆಗೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಹಸುವೊಂದು ದಿನಕ್ಕೆ 15 ಕಿಲೋ ಸಗಣಿ ಹಾಕಿದರೆ ಹತ್ತು ಹಸುಗಳಿಂದ ವರ್ಷಕ್ಕೆ 50 ಟನ್‌ಗೂ ಮೇಲೆ. ಹಸು ಸಾಕಿದವನು ಚನ್ನಗಿರಿಯಲ್ಲಿ ಗುತ್ತಿಗೆ ಹಣ ಕೊಡುವ ಸ್ಥಾನದಲ್ಲಿ ನಿಲ್ಲದೆ ಗೊಬ್ಬರ ಕೊಟ್ಟು ಮೇವು ಪಡೆಯುವ ಸ್ಥಾನದಲ್ಲಿ ನಿಲ್ಲಬಲ್ಲ. ಹೊನ್ನಾಳಿಯ ನದಿಬದಿ, ಕಾಲುವೆಬದಿಯಲ್ಲಿ ಬತ್ತ ಇನ್ನೂ ಇದೆ. ಕೊಯ್ಲು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಸಾಲಾಗಿ ಬೀಳುತ್ತದೆ, ಸುರುಳಿ ಕಟ್ಟುವ ಯಂತ್ರ ಹಿಂದೆಯೇ ಬಂದರೆ ಮೇವು, ಬಾರದಿದ್ದರೆ ಬೆಂಕಿಗೆ ಆಹುತಿ. ಇಲ್ಲಿ ಹೊಲ ಹಿಡಿಯುವುದಕ್ಕಿಂತ ಕೊಯ್ಲಿನ ವಾರದಲ್ಲಿ ಸುರುಳಿ ಕೊಂಡು ಒಣ ಜಾಗದಲ್ಲಿ ಪೇರಿಸಿಡುವುದು ಲಾಭ. ಬತ್ತದ ಹುಲ್ಲಿನಲ್ಲಿ ಸಸಾರಜನಕ ಬಹಳ ಕಡಿಮೆ ನಿಜ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಅದೇ ಹುಲ್ಲು ಹೆಚ್ಚು ಜೀರ್ಣವಾಗುತ್ತದೆ. ಅಳತೆ ತಪ್ಪಬಾರದು, ಎಳೆಗರುಗಳಿಗೆ ಕೊಡಬಾರದು, ಅಷ್ಟೇ. ನ್ಯಾಮತಿ ಮೆಕ್ಕೆಜೋಳದ ಸೀಮೆ. ಇಲ್ಲಿ ನೀರಿರುವ ನೆಲಕ್ಕೆ ಶಿಕಾರಿಪುರ, ಶಿವಮೊಗ್ಗ ಕಡೆಯಿಂದ ಹಬ್ಬಿದ ಶುಂಠಿ ಗುತ್ತಿಗೆಯ ಪೈಪೋಟಿ. ಶುಂಠಿ ಬೆಳೆಯುವವನು ಕೊಡುವ ಗುತ್ತಿಗೆಯನ್ನು ಹಾಲು ಮಾರಿ ಯಾರೂ ಕೊಡಲಾರರು. ಆದರೆ ನ್ಯಾಮತಿಯ ಮೆಕ್ಕೆಜೋಳವೇ ಹಾಲುಗಾರನಿಗೆ ದೊಡ್ಡ ಅವಕಾಶ, ಆ ಮಾತಿಗೆ ಮುಂದೆ ಬರುತ್ತೇನೆ.

ಜಗಳೂರಿಗೆ ಬಂದರೆ ಪ್ರಶ್ನೆಯ ಚಹರೆಯೇ ಬೇರೆ. ಮಳೆ ಕಡಿಮೆ, ಬೋರು ಆಳ, ನೆಲ ಮಾತ್ರ ಬೇಕಾದಷ್ಟು. ಗುತ್ತಿಗೆಗೆ ಹೊಲ ಸುಲಭವಾಗಿ ಸಿಗುವುದೂ ಇಲ್ಲೇ, ಗುತ್ತಿಗೆ ಹಿಡಿದು ಸೋಲುವುದೂ ಇಲ್ಲೇ. ಈ ಬಯಲುಸೀಮೆಯ ದನಗಾಹಿ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಹುಟ್ಟಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನದ ಕಡೆ ಲಕ್ಷಾಂತರ ಎಕರೆ ಕಾವಲುಗಳಿದ್ದವು. ಚನ್ನಗಿರಿಯ ನೆರೆಯ ಅಜ್ಜಂಪುರದಲ್ಲಿ ಅದರ ತಳಿಕೇಂದ್ರ ಇಂದಿಗೂ ಇದೆ. ಗಮನಿಸಬೇಕಾದ್ದು ಕಾವಲುಗಳ ವಿಂಗಡಣೆ: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು. ಕೆರೆಯಂಗಳ, ಹಳ್ಳದ ತಂಪು ಇರುವ ಕಾವಲು ಬೇಸಿಗೆಗೆ ಮೀಸಲು. ಅಷ್ಟು ನೆಲವಿದ್ದ ಆಡಳಿತವೂ ವರ್ಷವಿಡೀ ಒಂದೇ ನೆಲ ದನ ಸಾಕುತ್ತದೆ ಎಂದು ನಂಬಿರಲಿಲ್ಲ. ಈಗ ಆ ಕಾವಲುಗಳು ಕರಗಿವೆ. ಜಗಳೂರಿನ ನೆರೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕೆಂಬುದು ಕರ್ನಾಟಕ ಭೂಕಂದಾಯ ನಿಯಮ. ಬಗರ್‌ಹುಕುಂ ಸಾಗುವಳಿಯ ಅರ್ಜಿಗಳ ನಡುವೆ ಅದು ಎಷ್ಟೋ ಊರುಗಳಲ್ಲಿ ಕಾಗದದ ಮೇಲಷ್ಟೇ ಉಳಿದಿದೆ. ಖಾಸಗಿ ಗುತ್ತಿಗೆಯ ಪ್ರಶ್ನೆ ಇಷ್ಟು ಬಿಗಿಯಾಗಿರುವುದಕ್ಕೆ ಒಂದು ಕಾರಣ ಹಿಂದೆ ಊರಿನದಾಗಿದ್ದ ಮೇವಿನ ನೆಲ ಈಗ ಇಲ್ಲದಿರುವುದು. ಬಡ ಸಾಕಣೆದಾರನ ಪಾಲಿನ ಈ ನಷ್ಟವನ್ನು ಯಾವ ಗುತ್ತಿಗೆಯೂ ತುಂಬಿಕೊಡುವುದಿಲ್ಲ ಎಂಬುದನ್ನು ನೋವಿನಿಂದಲೇ ಬರೆಯಬೇಕಾಗಿದೆ.

ಜಗಳೂರಿನ ಖುಷ್ಕಿ ಹೊಲದಲ್ಲಿ ಇನ್ನೊಂದು ಅಪಾಯವೂ ಇದೆ. ಮಳೆ ನಡುವೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಕೊಯ್ದ ಬುಡದಿಂದ ಚಿಗುರಿದ ಕೂಳೆಯಲ್ಲಿ ಸಯನೈಡ್ ವಿಷ ಸೇರುತ್ತದೆ. ಹಸಿದ ಹಸು ನಾಲ್ಕು ಬಾಯಿ ಮೇದರೂ ಹೊಟ್ಟೆಯುಬ್ಬಿ, ಏದುಸಿರು ಬಂದು, ಗಂಟೆಯೊಳಗೆ ಬೀಳಬಹುದು. ಜೋಳ ಹೂ ಬಿಡುವವರೆಗೆ ಕಾಯಬೇಕು, ಇಲ್ಲವೇ ಕೊಯ್ದು ಒಣಗಿಸಿ ಕೊಡಬೇಕು. ಗುತ್ತಿಗೆ ಹಣ ಕೊಟ್ಟವನಿಗೆ ಬರಗಾಲದಲ್ಲಿ ಈ ತಾಳ್ಮೆ ಇರುವುದಿಲ್ಲ, ಕಣ್ಣೆದುರಿನ ಹಸಿರನ್ನು ಬಿಟ್ಟು ದುಡ್ಡು ಕೊಟ್ಟು ಹುಲ್ಲು ತರಲು ಮನಸ್ಸು ಬಾರದು.

ಇಲ್ಲಿ ಬಲವಾದ ಆಕ್ಷೇಪವೊಂದು ಎದುರಾಗುತ್ತದೆ. ಕೊಂಡ ಮೇವನ್ನೇ ನಂಬಿದರೆ ಬರ ಬಂದಾಗ ಗತಿಯೇನು? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಹುಲ್ಲಿನ ಬೆಲೆ ಏರಿದ್ದು ಸುಳ್ಳೇ? ಸುಳ್ಳಲ್ಲ. ಆದರೆ ಆ ವರ್ಷ ಗುತ್ತಿಗೆ ಹೊಲಗಳೇನೂ ಹಸಿರಾಗಿರಲಿಲ್ಲ. ಬರ ಕೊಂಡವನನ್ನೂ ಬೆಳೆದವನನ್ನೂ ಒಟ್ಟಿಗೇ ಹೊಡೆಯುತ್ತದೆ. ಖುಷ್ಕಿ ಗುತ್ತಿಗೆ ಹಿಡಿದವನು ಗುತ್ತಿಗೆಯನ್ನೂ ಕಳೆದುಕೊಂಡು ಮೇವನ್ನೂ ಕೊಳ್ಳಬೇಕಾಗುತ್ತದೆ. ಬರಕ್ಕೆ ಎದುರು ನಿಲ್ಲುವುದು ಹಿಂದಿನ ವರ್ಷದ ಬಣವೆ. ಒಂದು ವರ್ಷದ ಗುತ್ತಿಗೆ ಹಣದಲ್ಲಿ ಸುಗ್ಗಿಯ ಬೆಲೆಗೆ ಕೊಂಡ ಹುಲ್ಲು, ಶೇಂಗಾ ಹೊಟ್ಟು, ಜೋಳದ ಸೊಪ್ಪೆ ನೆನೆಯದಂತೆ ಇದ್ದರೆ ಮುಂದಿನ ಬೇಸಿಗೆಯನ್ನು ದಾಟಿಸುತ್ತವೆ. ಭದ್ರಾ ಮೇಲ್ದಂಡೆಯ ನೀರು ಬಂದರೆ ಜಗಳೂರಿನ ನೆಲದ ಬೆಲೆ ಏರುತ್ತದೆ, ಈಗಲೇ ಹಿಡಿದುಕೊಳ್ಳಬೇಕು ಎನ್ನುವವರೂ ಇದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾಗಿತ್ತು, ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯೂ ತಾಲ್ಲೂಕಿನಲ್ಲಿದೆ. ನೀರು ಬರಲಿ ಎಂಬುದೇ ಎಲ್ಲರ ಹಾರೈಕೆ. ಆದರೆ ಬಾಯಿಮಾತಿನ ಗುತ್ತಿಗೆದಾರನಿಗೆ ನೀರು ಬಂದ ದಿನ ಹೊಲ ಉಳಿಯುವುದಿಲ್ಲ, ಮಾಲೀಕನೇ ಅದನ್ನು ತೋಟ ಮಾಡುತ್ತಾನೆ. ಚನ್ನಗಿರಿ ಈಗಾಗಲೇ ಅದನ್ನು ತೋರಿಸಿದೆ.

ಮೇಯಲು ಬಯಲು ಬೇಡವೇ, ಹಸುವನ್ನು ದಿನವಿಡೀ ಕಟ್ಟಿಹಾಕುವುದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಡೆದಾಡಿದ ಹಸುವಿನ ಗೊರಸು ಗಟ್ಟಿ, ಬೆದೆ ಗುರುತಿಸುವುದೂ ಸುಲಭ. ಅದಕ್ಕೆ ಕೊಟ್ಟಿಗೆಯ ಪಕ್ಕ ಕೆಲವು ಗುಂಟೆ ಬೇಲಿ ಹಾಕಿದ ಅಂಗಳ ಸಾಕು. ಕೊಯ್ಲಾದ ಹೊಲಗಳ ಒಣ ಕೂಳೆಯನ್ನು ಮೇಯಿಸುವುದಕ್ಕಂತೂ ಗುತ್ತಿಗೆಯೇ ಬೇಡ. ಕುರಿ ಮಂದೆ ನಿಲ್ಲಿಸಿಕೊಂಡ ರೈತ ಗೊಬ್ಬರಕ್ಕಾಗಿ ಕುರಿಗಾಹಿಗೆ ತಾನೇ ಕಾಳು, ಕಾಸು ಕೊಡುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು.

ಗುತ್ತಿಗೆಯ ಲೆಕ್ಕದಲ್ಲಿ ಯಾವಾಗಲೂ ಬಿಟ್ಟುಹೋಗುವ ಅಂಕಿ ಹೆಣ್ಣುಮಕ್ಕಳ ದುಡಿಮೆ. ನೂರು ಕಿಲೋ ನೇಪಿಯರ್‌ನಲ್ಲಿ ಎಂಬತ್ತು ಕಿಲೋ ನೀರೇ. ದಿನಕ್ಕೆ 250 ಕಿಲೋ ಕೊಯ್ದು, ಹೊರೆ ಕಟ್ಟಿ, ಹೊತ್ತು ತರುವವರು ಬಹುಪಾಲು ಮನೆಯ ಹೆಂಗಸರು. ಹೊಲ ಕೊಟ್ಟಿಗೆಯ ಹಿಂದೆ ಇದ್ದರೆ ಅದು ಒಂದೂವರೆ ಗಂಟೆಯ ಕೆಲಸ, ಮೂರು ಕಿಲೋಮೀಟರ್ ದೂರವಿದ್ದರೆ ಬೆಳಗಿನ ಹೊತ್ತೇ ಮುಗಿಯಿತು. ಆಟೋಗೋ ಟ್ರ್ಯಾಕ್ಟರಿಗೋ ಬಾಡಿಗೆ ಕೊಟ್ಟರೆ ನೀರನ್ನು ಸಾಗಿಸಲು ಡೀಸೆಲ್ ಸುಟ್ಟಂತೆ. ಮನೆಯ ಗಂಡಸರು ಗುತ್ತಿಗೆಯ ಮಾತು ಮುಗಿಸಿ ಬರುವ ಮುಂಚೆ ಆ ಹುಲ್ಲನ್ನು ಯಾರು ಕೊಯ್ಯುತ್ತಾರೋ ಅವರನ್ನು ಕೇಳಬೇಕು. ಬೇರೆ ಎಲ್ಲ ಷರತ್ತುಗಳಿಗಿಂತ ಇದನ್ನೇ ನಾನು ಮೊದಲು ಇಡುತ್ತೇನೆ.

ಹೊಲ ಹಿಡಿಯುವ ಮುಂಚೆ ಕೊಟ್ಟಿಗೆಯೊಳಗೂ ಒಮ್ಮೆ ನೋಡಬೇಕು. ಇಡಿಯಾಗಿ ಹಾಕಿದ ಮೆಕ್ಕೆಜೋಳದ ಸೊಪ್ಪೆಯಲ್ಲಿ ಹಸು ಎಲೆ ಎಳೆದುಕೊಂಡು ದಂಟು ಬಿಡುತ್ತದೆ. ಬೆಳಿಗ್ಗೆ ಗೋದಲಿಯಲ್ಲಿ ಹೆಬ್ಬೆರಳು ಗಾತ್ರದ ದಂಟುಗಳು ಜೊಲ್ಲು ಹತ್ತಿ ಬಿದ್ದಿರುತ್ತವೆ, ಅಲ್ಲಿಂದ ನೇರ ತಿಪ್ಪೆಗೆ. ಹಾಕಿದ ಮೇವಿನ ಕಾಲುಭಾಗ ಹೀಗೆ ಹೋದರೆ ಗುತ್ತಿಗೆ ಹಿಡಿಯಲು ಹೊರಟ ಹೊಲದ ದೊಡ್ಡ ಪಾಲು ಆ ತಿಪ್ಪೆಯಲ್ಲೇ ಇದೆ. ಮೇವು ಕತ್ತರಿಸುವ ಯಂತ್ರ ಒಂದೆರಡು ವರ್ಷದ ಗುತ್ತಿಗೆಗಿಂತ ಅಗ್ಗ. ಇನ್ನೊಂದು, ಹತ್ತು ಹಸುಗಳಲ್ಲಿ ಹಾಲು ಕೊಡುವವು ಎಷ್ಟು? ಕಟ್ಟದೆ ತಿರುಗುವ ಹಸು, ಗೊಡ್ಡು, ಹೋರಿಗರು ಎಲ್ಲವೂ ತಿನ್ನುತ್ತವೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಬಂದ ಮೇಲೆ ಇವುಗಳ ಮಾರಾಟ ಕಷ್ಟ, ಹಿಂಡನ್ನು ಬೇಕೆಂದಾಗ ಕುಗ್ಗಿಸಲು ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ 2022ರ ಚರ್ಮಗಂಟು ರೋಗದಂಥದ್ದು ಬಂದರೆ ಹಾಲು ಒಮ್ಮೆಲೇ ಬೀಳುತ್ತದೆ, ಗುತ್ತಿಗೆ ಮಾತ್ರ ಬೀಳುವುದಿಲ್ಲ. ಸಕಾಲಕ್ಕೆ ಗರ್ಭ ಕಟ್ಟಿಸುವುದು, ಹೆಣ್ಣುಗರುವಿಗಾಗಿ ಲಿಂಗ ನಿರ್ಧರಿತ ವೀರ್ಯ ಬಳಸುವುದು ಮೇವಿನ ಉಳಿತಾಯದ ಕ್ರಮಗಳೇ.

ಇಷ್ಟಾದ ಮೇಲೂ ಮೇವು ಕೊರತೆಯಾದರೆ ನಾನು ಹೇಳುವ ದಾರಿ ನಿಂತ ಬೆಳೆ ಕೊಳ್ಳುವುದು. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಖುಷ್ಕಿಯಲ್ಲೂ ಜಗಳೂರಿನಲ್ಲೂ ಮೆಕ್ಕೆಜೋಳ ಇದ್ದೇ ಇದೆ. 2025-26ಕ್ಕೆ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. ಎಕರೆಗೆ 20 ಕ್ವಿಂಟಲ್ ಬೆಳೆದು 1,800ಕ್ಕೆ ಮಾರಿದರೆ 36,000, ಅದರಲ್ಲಿ ತೆನೆ ಮುರಿಯುವ, ಒಕ್ಕುವ, ಒಣಗಿಸುವ, ಸಾಗಿಸುವ ಖರ್ಚು ಕಳೆಯಬೇಕು. ಅದೇ ಬೆಳೆಯನ್ನು ಕಾಳು ಹಾಲು ತುಂಬಿ ಗಟ್ಟಿಯಾಗುವ ಹದದಲ್ಲಿ 15 ಟನ್ ಹಸಿಮೇವಾಗಿ ಕಿಲೋಗೆ ಎರಡು ರೂಪಾಯಿಯಂತೆ ಕೊಟ್ಟರೆ ಆತನಿಗೆ 30,000 ಕೈಗೆ ಬಂತು, ಹೊಲ ತಿಂಗಳು ಮುಂಚೆ ಖಾಲಿಯಾಗಿ ಹಿಂಗಾರಿಗೆ ಸಿಕ್ಕಿತು. ಇದು ಗೇಣಿಯಲ್ಲ, ಬೆಳೆಯ ಮಾರಾಟ. ಪಹಣಿಯ ಭಯ ಯಾರಿಗೂ ಇಲ್ಲ. ಸಣ್ಣಗೆ ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಒತ್ತಿ ತುಂಬಿ, ಗಾಳಿ ಹೋಗದಂತೆ ಮುಚ್ಚಿದರೆ ಆರೇಳು ವಾರದಲ್ಲಿ ರಸಮೇವು. ಬೇಸಿಗೆಯ ನಾಲ್ಕು ತಿಂಗಳು ಹಸುವಿಗೆ ದಿನಕ್ಕೆ 20 ಕಿಲೋದಂತೆ ಹತ್ತು ಹಸುಗಳಿಗೆ 24 ಟನ್, ಅಂದರೆ ಎರಡೆಕರೆಯ ನಿಂತ ಬೆಳೆ. ರಸಮೇವಿನಲ್ಲಿ ಶಕ್ತಿ ಹೆಚ್ಚು, ಸಸಾರಜನಕ ಕಡಿಮೆ. ಆ ಕೊರತೆಯನ್ನು ಬದುವಿನ ಅಗಸೆ, ಗ್ಲಿರಿಸೀಡಿಯಾ, ಬೇಲಿಮೆಂತೆಗಳಿಂದ ತುಂಬಿಕೊಳ್ಳಬೇಕು.

ಒಬ್ಬೊಬ್ಬರೇ ಮಾಡುವುದಕ್ಕಿಂತ ಊರಿನ ಹಾಲು ಸಂಘವೇ ಹತ್ತಿಪ್ಪತ್ತು ಎಕರೆ ಬೆಳೆ ಕೊಂಡು, ಒಂದೇ ಯಂತ್ರದಲ್ಲಿ ಕತ್ತರಿಸಿ, ಸದಸ್ಯರಿಗೆ ಹಾಲಿನ ಲೆಕ್ಕದಲ್ಲಿ ಹಂಚಿದರೆ ಖರ್ಚು ಇನ್ನೂ ಇಳಿಯುತ್ತದೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸಂಶೋಧನಾ ಕೇಂದ್ರ ಎರಡೂ ಕೂಗಳತೆಯಲ್ಲಿವೆ, ಹದ ನೋಡಿ ಹೇಳುವವರಿಗೆ ಕೊರತೆಯಿಲ್ಲ. ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಸೆಪ್ಟೆಂಬರ್ ಮೊದಲ ಭಾಗದಲ್ಲಿ ರಸಮೇವಿನ ಹದಕ್ಕೆ ಬರುತ್ತದೆ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಸೈನಿಕ ಹುಳುವಿಗೆ ಈಗ ಪ್ರತಿ ವರ್ಷ ಔಷಧಿ ಹೊಡೆಯುತ್ತಾರೆ. ಮೇವಾಗುವ ಬೆಳೆಗೆ ಯಾವುದನ್ನು ಹೊಡೆಯಬೇಕು, ಹೊಡೆದು ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂಬುದು ಬೆಳೆದವನಿಗೂ ಕೊಳ್ಳುವವನಿಗೂ ಮೊದಲೇ ಗೊತ್ತಿರಬೇಕು. ಹಾಗಾಗಿ ದರದ ಮಾತು, ಔಷಧಿಯ ಮಾತು ಎರಡೂ ಜುಲೈನಲ್ಲೇ, ಬೆಳೆ ಮೊಣಕಾಲೆತ್ತರ ಇರುವಾಗಲೇ ಮುಗಿದಿರಬೇಕು.